ಬಾಗಿಲ ಪಕ್ಕದ ಕುರ್ಚಿ

ಮದುವೆ ಛತ್ರವಾಗಲಿ, ಸಿನಿಮಾ ಥಿಯೇಟರಾಗಲಿ, ಯಾವ ಹಾಲಿಗೆ ಕಾಲಿಟ್ಟರೂ ನಾನು ಮೊದಲು ನೋಡುವುದು ಬಾಗಿಲುಗಳನ್ನು. ಎಷ್ಟಿವೆ, ಒಳಕ್ಕೆ ತೆರೆಯುತ್ತವೋ ಹೊರಕ್ಕೋ, ಚಿಲಕ ಹಾಕಿದೆಯೋ ಬಿಟ್ಟಿದೆಯೋ. ಮದುಮಕ್ಕಳನ್ನು ನೋಡುವುದು ಆಮೇಲೆ. "ಶುರುವಾಯ್ತು ನೋಡಿ ಅಮ್ಮನ ಇನ್ಸ್‌ಪೆಕ್ಷನ್ನು" ಎಂದು ನನ್ನ ಮಗಳು ಎಲ್ಲರ ಎದುರಿಗೇ ನಗುತ್ತಾಳೆ. ನಗಲಿ. ಇದು ನನ್ನ ಹುಟ್ಟುಗುಣವಲ್ಲ. ಹುಟ್ಟಿನಿಂದ ನಾನು ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಕೂಡ ಯೋಚಿಸದ ಹೆಂಗಸು. ಈ ಚಾಳಿಯನ್ನು ನನಗೆ ಅಂಟಿಸಿ ಹೋದವರು ನಮ್ಮ ಸ್ಕೂಲಿನ ಹೊಲಿಗೆ ಟೀಚರು.

ಅವರು ತೀರಿಕೊಂಡ ಸುದ್ದಿಯನ್ನು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ತಿಳಿಸಿದಳು. "ಮಿಸ್, ನಮ್ಮ ಹೊಲಿಗೆ ಮಿಸ್ ಹೋಗ್ಬಿಟ್ರು." ಅಯ್ಯೋ ಎನ್ನುವುದಕ್ಕೂ ಮೊದಲು ನನ್ನ ಬಾಯಿಂದ ಬಂದ ಮಾತು, "ಹೇಗೆ?" ಎಂದು. ನಿದ್ದೆಯಲ್ಲಿ ಹೋದರು, ಬೆಳಿಗ್ಗೆ ನೋಡಿದಾಗ ಮಲಗಿದ ಹಾಗೇ ಇದ್ದರು ಎಂದಳು. ಸದ್ಯ ಎನಿಸಿತು ನನಗೆ. ಒಬ್ಬರು ಸತ್ತ ಸುದ್ದಿ ಕೇಳಿ ಸದ್ಯ ಎನ್ನುವುದೇ ಎಂದು ಆಮೇಲೆ ನಾಚಿಕೆಯಾಯಿತು. ಆದರೆ ಅವರನ್ನು ಬಲ್ಲವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಎಲ್ಲೂ ಬರೆಯಬಾರದು, ಕೂಗಬಾರದು ಎಂದು ಅವರಿಗೆ ಒಂದು ಹಟವಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ನಾನದನ್ನು ನೋಡಲಿಲ್ಲ.

ಎಪ್ಪತ್ತರ ದಶಕದ ನಡುಭಾಗದ ಮಾತು. ಜಯನಗರದಲ್ಲಿ ಕಾಂಪ್ಲೆಕ್ಸಿನ ಗೋಡೆಗಳು ಏಳುತ್ತಿದ್ದವು. ಜೆ.ಪಿ. ನಗರವೆಂದರೆ ರಾಗಿ ಹೊಲದ ನಡುವೆ ನೆಟ್ಟ ಸೈಟಿನ ಕಲ್ಲುಗಳು. ನಮ್ಮದು ಹೆಣ್ಣುಮಕ್ಕಳ ಹೈಸ್ಕೂಲು, ಮೇಲೆ ಶೀಟು, ಕೆಳಗೆ ಕಡಪ ಕಲ್ಲು. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಕನ್ನಡ ಟೀಚರಾಗಿ ಸೇರಿದ್ದೆ. ವಯಸ್ಸು ಇಪ್ಪತ್ತನಾಲ್ಕು, ಬಾಯಿ ನಲವತ್ತರದ್ದು. ಅವರು ನಲವತ್ತು ದಾಟಿದವರು, ಒಂಟಿ, ಹನುಮಂತನಗರದ ಒಂದು ವಠಾರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೊಲಿಗೆ ಟೀಚರ ಹುದ್ದೆ ಇನ್ನೂ ತಾತ್ಕಾಲಿಕವಾಗಿತ್ತು. ಪ್ರತಿ ವರ್ಷ ಜೂನ್ ಬಂತೆಂದರೆ ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಎಂಬ ದಿಗಿಲು ಅವರಿಗೆ.

ಅವರ ರವಿಕೆಯ ತೋಳು ಮಣಿಕಟ್ಟಿನವರೆಗೆ ಬರುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲೂ ಅಷ್ಟೇ. ನೈಲಾನ್ ಸೀರೆ ಎಲ್ಲರಿಗೂ ಹುಚ್ಚು ಹಿಡಿಸಿದ್ದ ಕಾಲದಲ್ಲಿ ಅವರು ಹತ್ತಿ ಬಿಟ್ಟು ಬೇರೆ ಉಡಲಿಲ್ಲ. ಒಳಗೆ ಸುಟ್ಟ ಕಲೆ ಇದೆಯಂತೆ, ಸ್ಟೋವ್ ಸಿಡಿದಿತ್ತಂತೆ ಎಂದು ಸ್ಟಾಫ್ ರೂಮಿನಲ್ಲಿ ಪಿಸುಮಾತು. ಯಾರೂ ಕೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಬಾಗಿಲ ಪಕ್ಕದ ಕುರ್ಚಿ ಅವರದು. ಗಾಳಿ, ಧೂಳು, ಹೋಗಿಬರುವವರ ಸೆರಗು, ಎಲ್ಲ ಅಲ್ಲೇ ತಗಲುತ್ತಿತ್ತು. "ಇಲ್ಲಿ ಬನ್ನಿ ಟೀಚರೇ, ಕಿಟಕಿ ಹತ್ರ ತಂಪಾಗಿದೆ" ಎಂದರೆ, "ಇಲ್ಲೇ ಇರಲಿ ಬಿಡಿ" ಎನ್ನುತ್ತಿದ್ದರು.

ಡಬಲ್ ಡೆಕರ್ ಬಸ್ಸಿನಲ್ಲಿ ಮೇಲೆ ಹತ್ತಿದವರೇ ಅಲ್ಲ. ಕೆಳಗೆ, ಮೆಟ್ಟಿಲ ಪಕ್ಕದ ಸೀಟು ಸಿಗದಿದ್ದರೆ ಆ ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದರು.

ತರಗತಿಯಲ್ಲಿ ಅವರದೊಂದು ವಿಚಿತ್ರವಿತ್ತು. ಬೋರ್ಡಿನ ಮೇಲೆ ಬರೆಯುವಾಗಲೂ ಮಕ್ಕಳಿಗೆ ಬೆನ್ನು ತೋರಿಸುತ್ತಿರಲಿಲ್ಲ. ಓರೆಯಾಗಿ ನಿಂತು, ಮುಖ ಮಕ್ಕಳ ಕಡೆಗಿಟ್ಟು, ಕೈ ಮಾತ್ರ ಹಿಂದಕ್ಕೆ ಚಾಚಿ ಕಾಜಾದ ಚಿತ್ರ ಬರೆಯುತ್ತಿದ್ದರು. ದನಿ ಏರಿಸಿದ್ದಿಲ್ಲ, ಆದರೂ ಅವರ ಪಿಸುಮಾತು ಕೊನೆಯ ಬೆಂಚಿಗೆ ಸ್ಪಷ್ಟವಾಗಿ ಮುಟ್ಟುತ್ತಿತ್ತು. ನಾನು ಗಂಟಲು ಹರಿದುಕೊಂಡರೂ ನಾಲ್ಕನೇ ಬೆಂಚು ದಾಟುತ್ತಿರಲಿಲ್ಲ. ಇದೇನು ವಿದ್ಯೆಯಪ್ಪಾ ಎಂದು ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ವಾರ್ಷಿಕೋತ್ಸವದ ನಾಟಕ ನನ್ನ ತಲೆಗೆ ಬಂತು. ನಾನೇ ಬರೆದೆ. ಒಂದು ಸಣ್ಣ ಕೋಟೆ, ಅದಕ್ಕೊಬ್ಬಳು ರಾಣಿ, ಶತ್ರುಗಳು ಕೋಟೆಗೆ ಬೆಂಕಿ ಇಡುತ್ತಾರೆ, ರಾಣಿ ಜ್ವಾಲೆಯ ನಡುವೆ ನಿಂತು ಕೊನೆಯ ಹಾಡು ಹಾಡುತ್ತಾಳೆ. ಬರೆಯುವಾಗ ನಾನೇ ಅತ್ತಿದ್ದೆ, ಅಷ್ಟು ಚೆನ್ನಾಗಿದೆ ಎಂದು ನನಗನ್ನಿಸಿತ್ತು. ರಾಣಿಯ ಪಾರ್ಟು ಹತ್ತನೇ ಕ್ಲಾಸಿನ ವನಜಳದು, ಒಳ್ಳೆಯ ಕಂಠ. ಉಳಿದವರು ಹನ್ನೊಂದು ಹುಡುಗಿಯರು. ಬಟ್ಟೆ ಹೊಲಿಯುವುದು ಹೊಲಿಗೆ ಟೀಚರ ಪಾಲಿಗೆ.

ಕೊನೆಯ ದೃಶ್ಯಕ್ಕೆ ನಾಲ್ಕು ಪಂಜು ಹಚ್ಚಿಸುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ. ಬಾಗಿಲ ಪಕ್ಕದ ಕುರ್ಚಿಯಿಂದ ಮಾತು ಬಂತು.

"ಪಂಜು ಇದ್ರೆ ನಾನು ಬಟ್ಟೆ ಹೊಲಿಯಲ್ಲ."

"ನೋಡಿ ಟೀಚರೇ, ಹೊಲಿಯೋದು ನಿಮ್ಮ ಕೆಲಸ, ನಾಟಕ ನನ್ನ ಕೆಲಸ" ಎಂದೆ. ಎಷ್ಟು ಕೊಬ್ಬು ನನಗೆ!

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂರು ಸಲ ತಪ್ಪಿತು. ಸಾವಿರ ಸೂಜಿ ಪೋಣಿಸಿದ ಕೈ ಅದು. ಆಮೇಲೆ ಸೂಜಿ ಕೆಳಗಿಟ್ಟು, "ನಿಮಗೆ ಬೆಂಕಿ ತಾನೆ ಬೇಕು? ನಾನು ಕೊಡ್ತೀನಿ. ಪಂಜು ಬೇಡ" ಎಂದರು.

ಮಾರನೆಯ ದಿನ ಒಂದು ಗಂಟು ತಂದರು. ಕೆಂಪು, ಹಳದಿ, ಕಿತ್ತಳೆ ಬಣ್ಣದ ತೆಳು ರೇಷ್ಮೆಯ ಪಟ್ಟಿಗಳು, ತುದಿ ಚೂಪಾಗಿ ಕತ್ತರಿಸಿದ್ದವು. ಟೇಬಲ್ ಫ್ಯಾನನ್ನು ಮುಖ ಮೇಲೆ ಮಾಡಿ ಮಲಗಿಸಿ, ಸುತ್ತ ಪಟ್ಟಿಗಳನ್ನು ಕಟ್ಟಿ, ಕೆಳಗೆ ಎರಡು ಕೆಂಪು ಬಲ್ಬಿಟ್ಟರು. ಕಿಟಕಿ ಮುಚ್ಚಿ ಸ್ವಿಚ್ ಹಾಕಿದರು ನೋಡಿ, ನಾನು "ಅಯ್ಯಯ್ಯೋ" ಎಂದು ಗೋಡೆಗೆ ಸರಿದೆ. ಕೊಠಡಿಯೇ ಹತ್ತಿಕೊಂಡು ಉರಿಯುತ್ತಿತ್ತು. ಹುಡುಗಿಯರು ಕಿರುಚಿ ಚಪ್ಪಾಳೆ ತಟ್ಟಿದರು. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದೆ. "ಎಲ್ಲೋ ನೋಡಿದ್ದೆ" ಎಂದರು. ಅವರ ಕೈ ಸ್ವಿಚ್ಚಿನ ಮೇಲೇ ಇತ್ತು, ಕಣ್ಣು ಹುಡುಗಿಯರ ಮೇಲಿತ್ತು. ತಾವೇ ಮಾಡಿದ ಬೆಂಕಿಯ ಕಡೆ ಒಂದು ಸಲವೂ ನೋಡಲಿಲ್ಲ. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನ್ನ ತಲೆಯಲ್ಲಿ ನನ್ನ ನಾಟಕ ಒಂದೇ ಇತ್ತು.

ಬಟ್ಟೆಗಳನ್ನೂ ವಿಚಿತ್ರವಾಗಿ ಹೊಲಿದರು. ಗುಂಡಿಯಿಲ್ಲ, ಪಿನ್ನಿಲ್ಲ. ರಾಣಿಯ ನಿಲುವಂಗಿಗೆ ಹೆಗಲಲ್ಲಿ ಒಂದೇ ಒಂದು ಜಾರುಗಂಟು. "ಒಂದೇ ಎಳೆತಕ್ಕೆ ಮೈಮೇಲಿಂದ ಬಿದ್ದುಹೋಗ್ಬೇಕು, ಎಳೆದು ನೋಡು" ಎಂದು ಪ್ರತಿ ಹುಡುಗಿಯ ಕೈಯಲ್ಲೂ ಎಳೆಸಿದರು.

ಅದಕ್ಕಿಂತ ನನಗೆ ರೇಗುತ್ತಿದ್ದದ್ದು ಬಾಗಿಲ ಪಾಠ. ರಿಹರ್ಸಲ್ ಮುಗಿದ ತಕ್ಷಣ ಅವರು ಹಾಜರ್. ಹನ್ನೆರಡು ಹುಡುಗಿಯರನ್ನೂ ಸಾಲು ಹಚ್ಚಿ, ಹಾಲಿನ ಹಿಂದಿನ ಬಾಗಿಲಿಂದ ಮೈದಾನದ ಹೊಂಗೆ ಮರದ ಕೆಳಗೆ ಕರೆದೊಯ್ದು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. "ಬಂದೆ ಮಿಸ್" ಎನ್ನಬೇಕು. ದಿನಾ. "ಮಾತು ಮರೆತ್ರೆ ಪರವಾಗಿಲ್ಲ, ಬಾಗಿಲು ಮರೀಬೇಡಿ. ನಿಮ್ಮ ಸರದಿ ಬರ್ಲಿ ಅಂತ ಕಾಯ್ಬೇಡಿ. ಏನಾದ್ರೂ ವಾಸನೆ ಬಂತಾ, ಎದ್ದು ಹೊರಗೆ." ನಾನು ಹೇಳಿಕೊಟ್ಟದ್ದು ಇದಕ್ಕೆ ತದ್ವಿರುದ್ಧ. "ಆಕಾಶ ಕಳಚಿ ಬೀಳ್ಲಿ, ಪರದೆ ಬೀಳೋವರ್ಗೂ ಒಬ್ಬಳೂ ಅಲ್ಲಾಡಕೂಡ್ದು!" ಈ ಮಾತು ಅವರ ಕಿವಿಗೆ ಬಿದ್ದ ದಿನ ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಯಾಕೆಂದು ನಾನು ಕೇಳಲಿಲ್ಲ.

ವಾರ್ಷಿಕೋತ್ಸವದ ಸಂಜೆ ಜವಾನನಿಗೂ ಅವರಿಗೂ ಜಟಾಪಟಿ. ಹಾಲಿಗೆ ನಾಲ್ಕು ಬಾಗಿಲು. ಬೀದಿ ಹುಡುಗರು ನುಗ್ಗುತ್ತಾರೆಂದು ಅವನು ಚಿಲಕ ಹಾಕುವುದು, ಅವರು ಹಿಂದೆಯೇ ಹೋಗಿ ತೆಗೆಯುವುದು. ವೇದಿಕೆಯ ಎಡಗಡೆಯದು ಮಳೆಗೆ ಉಬ್ಬಿ ಕಚ್ಚಿಕೊಂಡಿತ್ತು, ಅದಕ್ಕೆ ಸೋಪು ಉಜ್ಜಿದರು. ವೇದಿಕೆಯ ಹಿಂದೆ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ಒದ್ದೆ ಗೋಣಿಚೀಲ. "ಮೇಡಂ, ನಾಟಕಾನೋ ಅಭಿಷೇಕಾನೋ?" ಎಂದ ಜವಾನ. ಮುಖ್ಯ ಅತಿಥಿಗಳು ದೀಪ ಹಚ್ಚುವಾಗ ಹೊಲಿಗೆ ಟೀಚರು ಅತಿಥಿಗಳ ಹೆಂಡತಿಯ ಸೆರಗನ್ನು ಹಿಂದಿನಿಂದ ಹಿಡಿದುಕೊಂಡು ನಿಂತಿದ್ದರು. ಆಯಮ್ಮ ಎರಡು ಸಲ ತಿರುಗಿ ನೋಡಿದರು.

ನಾಟಕ ಶುರುವಾಯಿತು. ನಾನು ಸೈಡ್ ವಿಂಗಿನಲ್ಲಿ ಪ್ರತಿ ಹಿಡಿದು ಪ್ರಾಂಪ್ಟ್ ಮಾಡುತ್ತಿದ್ದೆ. ಅವರು ಎದುರು ಬದಿಯ ವಿಂಗಿನಲ್ಲಿ, ಫ್ಯಾನಿನ ಸ್ವಿಚ್ಚಿನ ಬಳಿ. ಕೊನೆಯ ದೃಶ್ಯ ಬಂತು. ಹನ್ನೊಂದು ಹುಡುಗಿಯರು ಹಿಂದಿನ ಕೋಣೆಯಲ್ಲಿ ಮಂಗಳಕ್ಕೆ ಕಾಯುತ್ತಿದ್ದರು, ವೇದಿಕೆಯ ಮೇಲೆ ವನಜ ಒಬ್ಬಳೇ. ಜ್ವಾಲೆ ಎದ್ದವು. ಹಾಲಿನಲ್ಲಿ "ಹಾ" ಎಂಬ ಉಸಿರು. ಆ ಹುಡುಗಿ ಎಂಥ ಹಾಡು ಹಾಡಿದಳು! ಮುಗಿದ ತಕ್ಷಣ ಚಪ್ಪಾಳೆ, ಸಿಳ್ಳೆ. ಹಿಂದಿನಿಂದ ಯಾರೋ ಅಪ್ಪಂದಿರು "ಒನ್ಸ್ ಮೋರ್!" ಎಂದು ಕೂಗಿದರು. ಇಡೀ ಹಾಲು ದನಿಗೂಡಿಸಿತು. ಒನ್ಸ್ ಮೋರ್, ಒನ್ಸ್ ಮೋರ್.

ನನಗೆ ಸ್ವರ್ಗ ಮೂರೇ ಗೇಣು. ವನಜ ನನ್ನ ಕಡೆ ನೋಡಿದಳು. ನಾನು ಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿ, ಹಾಡು, ಇನ್ನೊಂದು ಸಲ ಹಾಡು ಎಂದು ಸನ್ನೆ ಮಾಡಿದೆ.

ಎದುರಿನ ವಿಂಗಿನಿಂದ ಹೊಲಿಗೆ ಟೀಚರು ನನ್ನ ಬೆರಳನ್ನು ನೋಡಿದರು. ಅವರ ಮುಖ ಆ ಕ್ಷಣ ಹೇಗಾಯಿತೆಂದು ನಾನು ಬರೆಯಲಾರೆ. ಸರಸರನೆ ವೇದಿಕೆಯ ಮೇಲೆ ಬಂದರು. ಮೂಗಿನ ಮೇಲೆ ಕನ್ನಡಕ, ಕತ್ತಿನಲ್ಲಿ ಹೊಲಿಗೆಯ ಟೇಪು. ರಾಣಿಯ ಹೆಗಲ ಗಂಟು ಎಳೆದರು. ನಿಲುವಂಗಿ ಕೆಳಗೆ ಬಿತ್ತು. ಒಳಗೆ ಸ್ಕೂಲು ಯೂನಿಫಾರಂ. ಅವಳ ರಟ್ಟೆ ಹಿಡಿದು ಎಳೆದುಕೊಂಡು ಒಳಗೆ ಹೋದರು. ಹಿಂದಿನ ಕೋಣೆಯಿಂದ ಹನ್ನೊಂದು ಹುಡುಗಿಯರೂ ಎದ್ದು ಹೊರಗೆ ಹೋದ ಹೆಜ್ಜೆ ಸದ್ದು ಕೇಳಿಸಿತು. ತಿಂಗಳು ಪೂರ್ತಿ ಕಲಿತಿದ್ದರಲ್ಲ. ಖಾಲಿ ವೇದಿಕೆಯ ಮೇಲೆ ರೇಷ್ಮೆಯ ಬೆಂಕಿ ಉರಿಯುತ್ತಲೇ ಇತ್ತು.

ಆಮೇಲೆ ಹಾಲು ಬಿದ್ದುಬಿದ್ದು ನಕ್ಕಿತು. ಪಿ.ಟಿ. ಮೇಷ್ಟ್ರು ಒಬ್ಬರೇ ತಲೆ ಓಡಿಸಿ ರಾಷ್ಟ್ರಗೀತೆ ಶುರು ಮಾಡಿಸಿಬಿಟ್ಟರು. ಎದ್ದು ನಿಂತವರು ನಗುವ ಹಾಗಿಲ್ಲ.

ನಾನು ಮೈದಾನಕ್ಕೆ ಓಡಿದೆ. ಸಿಟ್ಟಿನಿಂದ ಕಣ್ಣು ಕತ್ತಲಿಟ್ಟಿತ್ತು. ಹೊಂಗೆ ಮರದ ಕೆಳಗೆ ಅವರು ಹೆಸರು ಕೂಗುತ್ತಿದ್ದರು. ಹನ್ನೆರಡು ಹೆಸರು, ಹನ್ನೆರಡು "ಬಂದೆ ಮಿಸ್". ಹುಡುಗಿಯರು ಅಳುತ್ತ ಹೇಳುತ್ತಿದ್ದರು. ಆಮೇಲೆ ಅವರು ಹದಿಮೂರನೆಯ ಹೆಸರು ಕೂಗಿದರು.

"ಚಂದ್ರಿ."

ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಚಂದ್ರೀ... ಚಂದ್ರಿ ಎಲ್ಲಿ? ಚಂದ್ರಿ ಬರ್ಲಿಲ್ವಾ?"

"ರೀ, ಹುಚ್ಚು ಹಿಡಿದಿದ್ಯೇನ್ರೀ ನಿಮಗೆ?" ನಾನು ಕಿರುಚಿದೆ. "ಆ ಹೆಸರಿನ ಹುಡುಗಿ ನಮ್ಮ ಸ್ಕೂಲಲ್ಲೇ ಇಲ್ಲ!"

ಅವರು ನನ್ನ ಕಡೆ ತಿರುಗಿದರು. "ಇಲ್ವಾ" ಎಂದರು. ಹುಡುಗಿಯರ ಸಾಲನ್ನು ಇನ್ನೊಮ್ಮೆ ನೋಡಿ, "ಹೌದು, ಇಲ್ಲ" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮಾರನೆಯ ದಿನ ಭಾನುವಾರ. ಹನುಮಂತನಗರಕ್ಕೆ ಹೊರಟೆ. ಸಮಾಧಾನ ಹೇಳಲು ಅಲ್ಲ, ಜಗಳವಾಡಲು. ಗುಡ್ಡದ ದೇವಸ್ಥಾನದ ಕೆಳಗಿನ ರಸ್ತೆಯಲ್ಲಿ ವಠಾರ. ಮೊದಲನೆಯ ಮನೆಯೇ ಅವರದು, ಬೀದಿ ಬಾಗಿಲಿಗೆ ಹತ್ತಿರ. ಸ್ಟೋವು ಹೊಸಿಲ ಹೊರಗಿತ್ತು, ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು. ಅವರು ನಲ್ಲಿಯ ಕೆಳಗೆ ಪಾತ್ರೆ ಬೆಳಗುತ್ತಿದ್ದರು, ತೋಳು ಮೊಣಕೈ ಮೇಲಕ್ಕೆ ಮಡಿಸಿತ್ತು. ನಾನು ಕೈಯನ್ನೇ ನೋಡುತ್ತ ನಿಂತೆ. ನುಣ್ಣಗಿತ್ತು, ಬೆಳ್ಳಗಿತ್ತು, ಒಂದು ಚುಕ್ಕೆಯಿಲ್ಲ.

"ಕಲೆ ಹುಡುಕ್ತಿದೀರಾ?" ಎಂದರು. "ಎಲ್ಲಾ ಏನ್ ಮಾತಾಡ್ಕೋತಾರೆ ಅಂತ ನಂಗೊತ್ತು. ಇಲ್ಲ. ಒಂದು ಬೊಕ್ಕೆ ಕೂಡ ಏಳ್ಲಿಲ್ಲ ನನಗೆ. ಅದಕ್ಕೇ ಮುಚ್ಕೋತೀನಿ."

ಜಗಳಕ್ಕೆಂದು ಬಂದವಳು ಹೊಸಿಲ ಮೇಲೆ ಕೂತೆ. ಕಾಫಿ ಕೊಟ್ಟರು. ಯಾವುದೋ ಲಂಗದ ಅಂಚು ಮಡಿಸಿ ಹೊಲಿಯುತ್ತ, ತಲೆಯೆತ್ತದೆ ಹೇಳಿದರು.

"ನಾವು ಅಕ್ಕ ತಂಗಿ ಇಬ್ರೂ ನಾಟಕದ ಕಂಪನೀಲಿದ್ವಿ. ಅಪ್ಪ ಹಾರ್ಮೋನಿಯಂ ನುಡಿಸ್ತಿದ್ರು, ಅವರು ಹೋದ್ಮೇಲೆ ಕಂಪನಿ ಯಜಮಾನ್ರು ನಮ್ಮನ್ನ ಅಲ್ಲೇ ಇಟ್ಕೊಂಡ್ರು. ನನಗೆ ಇಪ್ಪತ್ತು, ನಾಯಕಿ ಪಾರ್ಟು. ಊರೂರ ಗೋಡೆ ಮೇಲೆ ನನ್ನ ಹೆಸರು ಬರೀತಿದ್ರು, ಇಷ್ಟಿಷ್ಟು ದೊಡ್ಡಕ್ಷರದಲ್ಲಿ. ಚಂದ್ರಿಗೆ ಹದಿಮೂರು, ಸಖಿ ಪಾರ್ಟು. ನಾನು ಹಾಡು ಮುಗಿಸಿ, 'ಸಖೀ, ಬಾಗಿಲು ತೆಗೆ' ಅಂದ್ರೆ ಅವಳು ದೀಪ ಹಿಡ್ಕೊಂಡು ಬರ್ಬೇಕು. ಅಷ್ಟೇ ಅವಳ ಪಾರ್ಟು. ಎರಡು ಸಲ ಆ ಮಾತಿಗೆ ಮುಂಚೆನೇ ಓಡಿ ಬಂದು ಯಜಮಾನ್ರ ಹತ್ರ ಏಟು ತಿಂದಿದ್ಲು. ಅವತ್ತು ನಾನೇ ಹೇಳಿದೆ, 'ನಾನು ಕರೆಯೋವರ್ಗೂ ಕೂತ ಜಾಗ ಬಿಟ್ಟು ಏಳ್ಬೇಡ' ಅಂತ. ನಾನೇ ಹೇಳಿದ್ದು."

ಸೂಜಿ ನಿಂತಿತು. ಮತ್ತೆ ಹೊರಟಿತು.

"ನಮ್ಮ ಕಂಪನಿ ಟ್ರಿಕ್ ಸೀನಿಗೆ ಹೆಸರುವಾಸಿ. ಪಂಜಿಗೆ ರಾಳದ ಪುಡಿ ಎರಚಿದ್ರೆ ಭಗ್ ಅಂತ ಉರಿ ಏಳತ್ತಲ್ಲ, ಅದು. ಅವತ್ತು ಉರಿ ಹಿಂದಿನ ಪರದೆಗೆ ಹತ್ಕೊಂಡ್ತು. ನಾನು ಹಾಡ್ತಿದ್ದೆ. ಜನ ಇದೂ ಟ್ರಿಕ್ ಸೀನೇ ಅಂದ್ಕೊಂಡ್ರು. ಎಂಥಾ ಚಪ್ಪಾಳೆ ಅಂತೀರಿ! ಒನ್ಸ್ ಮೋರ್ ಅಂದ್ರು. ನಾನು ವಿಂಗ್ ಕಡೆ ನೋಡ್ದೆ. ಯಜಮಾನ್ರು ಬೆರಳು ಹಿಂಗೆ ತಿರುಗಿಸಿದ್ರು, ಹಾಡು ಅಂತ. ಅವರಿಗೂ ಹಿಂದೆ ಏನಾಗ್ತಿದೆ ಅಂತ ಕಾಣ್ತಿರಲಿಲ್ಲ. ನನಗೆ ವಾಸನೆ ಬಂದಿತ್ತು. ಬೆನ್ನಿಗೆ ಬಿಸಿ ತಾಕ್ತಿತ್ತು. ತಿರುಗಿ ನೋಡ್ಬೇಕು ಅನ್ಸ್ತು. ಆದ್ರೆ ಜನಕ್ಕೆ ಬೆನ್ನು ತೋರಿಸ್ಬಾರ್ದು ಅನ್ನೋದು ಕಂಪನಿ ನಿಯಮ. ಅದಕ್ಕೇ ತಿರುಗ್ಲಿಲ್ಲ. ಇನ್ನೊಂದು ಸಲ ಹಾಡ್ದೆ. ಪೂರ್ತಿ ಹಾಡ್ದೆ."

ನಾನು ಲೋಟ ಕೆಳಗಿಟ್ಟೆ.

"ಅಷ್ಟರಲ್ಲಿ ಜನ ಓಡೋಕೆ ಶುರು ಮಾಡಿದ್ರು. ಮುಂದಿದ್ದೋರೆಲ್ಲ ಉಳ್ಕೊಂಡ್ರು. ನನ್ನ ಯಾರೋ ಎತ್ಕೊಂಡು ಹೊರಗೆ ಹಾಕಿದ್ರು. ಚಂದ್ರಿ ಮಾತ್ರ ಬಣ್ಣದ ಕೋಣೇಲಿ ಪೆಟ್ಟಿಗೆ ಮೇಲೆ ಕೂತಿದ್ಲಂತೆ. ಬೇರೆಯೋರು 'ಬಾರೇ' ಅಂತ ಎಳೆದ್ರೂ, 'ಅಕ್ಕ ಇನ್ನೂ ಕರೆದಿಲ್ಲ' ಅಂದ್ಲಂತೆ." ಹಲ್ಲಿನಿಂದ ದಾರ ಕಡಿದರು. "ನಾನು ಕರೀಲೇ ಇಲ್ಲ ನೋಡಿ. ಆ ಮಾತು ನನ್ನ ಬಾಯಲ್ಲೇ ಉಳೀತು."

ನನ್ನ ಬೆರಳನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಳು ಬಂತು. ಅವರು ಅಳಲಿಲ್ಲ. ಲಂಗ ಮಡಿಸಿಟ್ಟು, "ಒಂದು ಉಪಕಾರ ಮಾಡಿ. ಕಂಪನೀಲಿದ್ದೆ ಅಂತ ಹೆಡ್‌ಮಿಸ್ಟ್ರೆಸ್‌ಗೆ ಹೇಳ್ಬೇಡಿ. ನಾಟಕದೋಳು ಅಂತ ಗೊತ್ತಾದ್ರೆ ಕಮಿಟಿಯೋರು ಒಂದು ದಿನ ಇಟ್ಕೊಳಲ್ಲ. ಈ ಜೂನಿಗೆ ಪರ್ಮನೆಂಟ್ ಮಾಡ್ತೀನಿ ಅಂದಿದಾರೆ" ಎಂದರು.

ಸೋಮವಾರ ಹೆಡ್‌ಮಿಸ್ಟ್ರೆಸ್ ರೂಮಿನಲ್ಲಿ ನನ್ನನ್ನು ನಿಲ್ಲಿಸಿದರು. ಯಾರು ಮಾಡಿದ್ದು ಇದು, ಯಾಕೆ ಮಾಡಿದ್ದು, ಬರೆದು ಕೊಡಿ ಎಂದರು. ಜೀವನದಲ್ಲಿ ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದಿಲ್ಲ. ಫ್ಯಾನಿನ ವೈರು ಸುಟ್ಟ ವಾಸನೆ ಬಂತು ಮೇಡಂ, ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ ಅಂತ ನಾನೇ ಸನ್ನೆ ಮಾಡಿದೆ, ಅವರು ನಾನು ಹೇಳಿದ್ದನ್ನ ಮಾಡಿದ್ರು ಅಷ್ಟೇ, ಎಂದೆ.

"ಮುನ್ನೂರು ಜನದ ಮೂಗಿಗೆ ಬಾರದ ವಾಸನೆ ನಿಮ್ಮೊಬ್ಬರ ಮೂಗಿಗೆ ಬಂತೇನ್ರೀ?"

"ನನ್ನ ಮೂಗು ಸ್ವಲ್ಪ ಚುರುಕು ಮೇಡಂ."

ನಾಟಕದ ಜವಾಬ್ದಾರಿಯನ್ನು ನನ್ನಿಂದ ಕಿತ್ತುಕೊಂಡು ಹೂವಿನ ಕುಂಡಗಳ ಜವಾಬ್ದಾರಿ ಕೊಟ್ಟರು. ಜೂನಿನಲ್ಲಿ ಹೊಲಿಗೆ ಟೀಚರು ಪರ್ಮನೆಂಟಾದರು. ಆವತ್ತಿನಿಂದ ನಾನು ಅವರಿಗೆ "ನೀನು" ಆದೆ, ಅವರು ನನಗೆ ಅಕ್ಕ ಆದರು.

ಆಮೇಲಿನ ಹತ್ತು ವರ್ಷ ನಾನು ಅವರ ಭಯವನ್ನು ಹತ್ತಿರದಿಂದ ಕಂಡೆ, ಅಂಟಿಸಿಕೊಂಡೆ ಕೂಡ. ನನ್ನ ಮದುವೆಗೆ ಬಂದವರು ಧಾರೆ ನೋಡಲಿಲ್ಲ. ಅಡುಗೆಯವರ ಒಲೆಗಳ ನಡುವೆ ಯಾರ ಪಂಚೆ ಎಲ್ಲಿ ಇಳಿಬಿದ್ದಿದೆ ಎಂದು ನೋಡುತ್ತ ಓಡಾಡುತ್ತಿದ್ದರು. ಹೋಮಕ್ಕೆ ಕೂತಾಗ ನನ್ನ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, "ಹೆಂಗಾದ್ರೂ ಕಾಣ್ಲಿ ಬಿಡು" ಎಂದರು. ಫೋಟೋದಲ್ಲಿ ನಾನು ಗದ್ದೆ ನಾಟಿಗೆ ಹೊರಟವಳ ಹಾಗಿದ್ದೇನೆ.

ವಿಚಿತ್ರವೆಂದರೆ ನಾಟಕದ ಮೋಹ ಅವರನ್ನು ಬಿಟ್ಟಿರಲಿಲ್ಲ. ನಾನು ಟಿಕೆಟ್ ತಂದರೆ ಬರುತ್ತಿದ್ದರು, ಬಾಗಿಲ ಪಕ್ಕದ ಸೀಟು ಸಿಕ್ಕರೆ ಮಾತ್ರ. ಕೊನೆಯ ಅಂಕ ಶುರುವಾಗುತ್ತಿದ್ದ ಹಾಗೆ ಚಡಪಡಿಸಿ, ನನ್ನ ತೊಡೆ ತಟ್ಟಿ ಎದ್ದು ಹೋಗಿಬಿಡುತ್ತಿದ್ದರು. ಒಂದು ನಾಟಕವನ್ನೂ ಪರದೆ ಬೀಳುವವರೆಗೆ ನೋಡಲಿಲ್ಲ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ, "ಕೊನೆಗೆ ಏನಾಯ್ತೇ?" ಎಂದು ಕೇಳುವರು. ನಾನು ಸತ್ತವರನ್ನೆಲ್ಲ ಬದುಕಿಸಿ, ಅಗಲಿದವರನ್ನೆಲ್ಲ ಸೇರಿಸಿ ಹೇಳುತ್ತಿದ್ದೆ. "ಈಗಿನ ನಾಟಕಗಳೆಲ್ಲ ಒಳ್ಳೇದಾಗೇ ಮುಗಿಯತ್ತೆ ಅಲ್ವಾ" ಎನ್ನುತ್ತಿದ್ದರು. ನಂಬಿದ್ದರೋ, ನನ್ನ ಸಮಾಧಾನಕ್ಕೆ ಅನ್ನುತ್ತಿದ್ದರೋ ಇವತ್ತಿಗೂ ತಿಳಿಯದು.

ಎಂಬತ್ತರ ದಶಕದ ನಡುವೆ ಅವರು ರಿಟೈರಾದರು. ಬೀಳ್ಕೊಡುಗೆಗೆ ಒಂದು ವಾರ ಮುಂಚೆ ನನ್ನ ಹತ್ತಿರ ಬಂದು, "ನಾನು ಒಂದು ಹಾಡು ಹಾಡ್ಲಾ ಅಂತಿದೀನಿ" ಎಂದರು.

ನಾನು ಸೀಮೆಸುಣ್ಣ ಕೆಳಗಿಟ್ಟೆ. "ಯಾವ ಹಾಡು ಅಕ್ಕ?"

"ಅದೇ. ಮೂವತ್ತು ವರ್ಷದ ಮೇಲಾಯ್ತು, ಬಾಯಿ ಬಿಟ್ಟಿಲ್ಲ. ಸೈಡ್ ವಿಂಗಲ್ಲಿ ನೀನಿರ್ಬೇಕು. ಬೇರೆ ಯಾರೂ ಬೇಡ."

ಆ ವಾರ ನನಗೆ ಅನ್ನ ಸೇರಲಿಲ್ಲ. ಹಾಡು ಶುರುವಾಗಿ ಅರ್ಧಕ್ಕೆ ನಿಂತರೆ? ಮತ್ತೆ ಆ ಹೆಸರು ಕೂಗಿಬಿಟ್ಟರೆ? ಎಲ್ಲಕ್ಕಿಂತ ದೊಡ್ಡ ಭಯ, ಯಾರಾದರೂ ಆ ಎರಡು ಪದ ಕೂಗಿಬಿಟ್ಟರೆ? ಒಬ್ಬೊಬ್ಬರನ್ನೇ ಹಿಡಿದು ಹೇಳಿದೆ. ಪಿ.ಟಿ. ಮೇಷ್ಟ್ರಿಗೆ, ಜವಾನನಿಗೆ, ಪ್ರತಿ ಕ್ಲಾಸಿನ ಮಾನಿಟರಿಗೆ. "ಹಾಡು ಮುಗಿದ್ಮೇಲೆ ಚಪ್ಪಾಳೆ ಅಷ್ಟೇ. ಒನ್ಸ್ ಮೋರ್ ಅಂದೋರ ಚರ್ಮ ಸುಲೀತೀನಿ." ಬೆಳಿಗ್ಗೆ ನಾನೇ ಹೋಗಿ ಮೂರು ಬಾಗಿಲ ಚಿಲಕ ತೆಗೆದೆ. ವೇದಿಕೆಯ ಎಡಗಡೆಯದು ಕಚ್ಚಿಕೊಂಡಿತ್ತು. ಎಷ್ಟು ಜಗ್ಗಿದರೂ ಬರಲಿಲ್ಲ. ಅದೊಂದನ್ನು ಹಾಗೇ ಬಿಟ್ಟೆ, ಅದೇ ಚಿಂತೆಯಾಯಿತು.

ಅವತ್ತು ಸಂಜೆ ಹಾಲು ಕಿಕ್ಕಿರಿದಿತ್ತು. ಹಳೆಯ ಹುಡುಗಿಯರೆಲ್ಲ ಬಂದಿದ್ದರು, ವನಜ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಿದ್ದಳು. ಅಕ್ಕ ವೇದಿಕೆಯ ನಡುವೆ ಬಂದು ನಿಂತರು. ಮೊದಲ ಬಾರಿಗೆ ಗಿಡ್ಡ ತೋಳಿನ ರವಿಕೆ ತೊಟ್ಟಿದ್ದರು. ಸ್ಟಾಫಿನ ಸಾಲಿನಲ್ಲಿ ತಲೆಗಳು ಹತ್ತಿರ ಸೇರಿದವು. ಕಲೆ ಎಲ್ಲಿ ಎಂದು ಹುಡುಕುತ್ತಿದ್ದರು, ಪಾಪ.

ಹಾರ್ಮೋನಿಯಂ ಇಲ್ಲ, ಮೈಕ್ ಬೇಡ ಎಂದಿದ್ದರು. ಹಾಡಿದರು. ಐವತ್ತು ದಾಟಿದ ದನಿ, ಮೊದಲ ಸಾಲಿನಲ್ಲಿ ಸ್ವಲ್ಪ ನಡುಗಿ ಆಮೇಲೆ ನಿಂತಿತು. ನಾನು ಹಾಡು ಕೇಳಲಿಲ್ಲ, ನಿಜ ಹೇಳುತ್ತೇನೆ. ಕಂಬಕ್ಕೆ ಬಿಗಿದಿದ್ದ ಪರದೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಏನಾದರೂ ಆದರೆ ಗಂಟು ಬಿಚ್ಚಿ ಪರದೆ ಬೀಳಿಸುವುದೆಂದು ಅವರ ಮುಖವನ್ನೇ ನೋಡುತ್ತಿದ್ದೆ. ಹಾಡು ಮುಗಿಯಿತು. ಚಪ್ಪಾಳೆ ಶೀಟಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಬಿತ್ತು.

ಮುಗಿಯಿತಪ್ಪಾ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಯಾವ ಮಾನಿಟರಿನ ಮಾತೂ ತಲುಪದ ಯಾವುದೋ ಪುಟ್ಟ ಹುಡುಗಿಯ ದನಿ ಬಂತು.

"ಒನ್ಸ್ ಮೋರ್ ಮಿಸ್!"

ಪಕ್ಕದವಳು ಕೂಗಿದಳು. ಆಮೇಲೆ ಇಡೀ ಹಾಲು. ಪ್ರೀತಿಯಿಂದಲೇ ಕೂಗುತ್ತಿದ್ದರು, ಒಬ್ಬರ ಮೇಲೂ ತಪ್ಪು ಹೊರಿಸಲಾರೆ. ನಾನು ಹಗ್ಗದ ಗಂಟಿಗೆ ಕೈ ಹಾಕಿದೆ. ಅಕ್ಕ ನನ್ನ ಕಡೆ ನೋಡಿದರು. ಬೇಡ ಎಂದು ತಲೆಯಾಡಿಸಿದರು. ಮತ್ತೆ ಸಭೆಯ ಕಡೆ ತಿರುಗಿ, ಸದ್ದು ತಾನಾಗಿ ಇಳಿಯುವವರೆಗೆ ಕಾದರು. ಕೊನೆಯ ಬೆಂಚಿಗೆ ಮುಟ್ಟುವ ಅದೇ ಪಿಸುದನಿಯಲ್ಲಿ ಹೇಳಿದರು.

"ಇಲ್ಲ ಮಕ್ಕಳಾ. ಒಂದೇ ಸಲ. ಒಳಗೆ ಹುಡುಗಿ ಕಾಯ್ತಾ ಇದಾಳೆ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಅವರು ಕೈ ಚಾಚಿ, ಇಪ್ಪತ್ತರ ನಾಯಕಿಯ ತುಂಬು ದನಿಯಲ್ಲಿ, ಇಡೀ ಹಾಲು ಬೆಚ್ಚುವ ಹಾಗೆ ಕರೆದರು.

"ಸಖೀ, ಬಾಗಿಲು ತೆಗೆ!"

ನಾನು ಹಗ್ಗ ಬಿಟ್ಟು ಎಡಗಡೆಯ ಆ ಬಾಗಿಲಿಗೆ ಓಡಿದೆ. ಚಿಲಕವನ್ನು ಎಲ್ಲ ಬಲ ಹಾಕಿ ಜಗ್ಗಿದೆ, ಬಂತು. ಹಲಗೆಗೆ ಹೆಗಲು ಕೊಟ್ಟೆ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕಿರ್ರೆಂದು ತೆರೆದುಕೊಂಡಿತು. ಮೈದಾನದ ಸಂಜೆ ಬಿಸಿಲು ನನ್ನ ಮುಖಕ್ಕೆ ಹೊಡೆಯಿತು. ತಿರುಗಿ ನಿಂತು, ಉಸಿರು ಸಿಕ್ಕಷ್ಟು ಜೋರಾಗಿ ಹೇಳಿದೆ.

"ಬಂದೆ ಅಕ್ಕ."

ಅವರು ಸಭೆಗೆ ಬೆನ್ನು ತಿರುಗಿಸಿ ನನ್ನ ಕಡೆ ನಡೆದು ಬಂದರು.